ಕನ್ನಡ ಪದ ಬೇಕು: ಟಾಕಿಂಗ್ ಕ್ಲಾಕ್, ಟಾಕಿಂಗ್ ಕ್ಯಾಲ್ಕುಲೇಟರ್

ಹಾಸನದಿಂದ:
ನಮಸ್ಕಾರ. ಗೆಳೆಯರೊಬ್ಬರು ಕೂಡಿಟ್ಟಿರುವ ಹಳೇ ಟಾಕಿಂಗ್ ಕ್ಲಾಕು, ಕ್ಯಾಲ್ಕುಲೇಟರುಗಳನ್ನು ಈ ಭಾನುವಾರ ಇಲ್ಲಿ ಪ್ರದರ್ಶನಕ್ಕಿಡುತ್ತಿದ್ದೇವೆ. ಫಲಕ ಬರೆಯುವವರಿಗೆ ನಾಳೆ ಸಂಜೆಯೊಳಗೆ ಒಕ್ಕಣೆ ಕೊಡಬೇಕು. 1976ರ 'ಸ್ಪೀಚ್ ಪ್ಲಸ್' ಕ್ಯಾಲ್ಕುಲೇಟರ್ ಇದೆ. ಟೆಲಿಸೆನ್ಸರಿ ಸಿಸ್ಟಮ್ಸ್‌ನವರು ಕಣ್ಣು ಕಾಣದವರಿಗೆಂದೇ ಮಾಡಿದ್ದು. ಅದಕ್ಕೆ ಬರುವುದು ಬರೀ 24 ಪದ, ಆಗಿನ ಬೆಲೆ 395 ಡಾಲರ್! 1980ರ ಸುಮಾರಿನ ಶಾರ್ಪ್ 'ಟಾಕಿಂಗ್ ಟೈಮ್' ಗಡಿಯಾರ ಕೂಡ ಇದೆ. 'ಮಾತಾಡುವ ಗಡಿಯಾರ' ಕಿವಿಗೆ ಒಗ್ಗುತ್ತಿಲ್ಲ. ಕ್ಯಾಲ್ಕುಲೇಟರಿಗಂತೂ ಪದವೇ ಹೊಳೆಯುತ್ತಿಲ್ಲ, 'ಗಣಕಯಂತ್ರ' ಕಂಪ್ಯೂಟರಿನ ಪಾಲಾಗಿದೆ.

ಬೇಲೂರಿನಿಂದ:
ನುಡಿಗಡಿಯಾರ, ನುಡಿಗಣಕ. ಚಿಕ್ಕದು, ಫಲಕದಲ್ಲಿ ಹಿಡಿಸುತ್ತೆ.

ಅರಸೀಕೆರೆಯಿಂದ:
'ನುಡಿಗಣಕ' ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿದ ದೋಷ. ಕೇಶಿರಾಜನ ವ್ಯಾಕರಣ ತೆಗೆದು ನೋಡಿ. 'ನುಡಿಗಡಿಯಾರ'ಕ್ಕೆ ಆ ದೋಷ ತಟ್ಟದು, ಗಡಿಯಾರ ತದ್ಭವ, ಸಂಸ್ಕೃತದಿಂದ ಬಂದು ಕನ್ನಡಕ್ಕೆ ಒಗ್ಗಿ ರೂಪ ಬದಲಿಸಿದ ಪದ. ಆದರೆ ತದ್ಭವವಾದರೂ ಯಾಕೆ? ಹೊತ್ತುಸಾರುಗ, ಎಣಿಕ ಅನ್ನಿ. ಎರಡೂ ಅಚ್ಚಗನ್ನಡ.

ಬೇಲೂರಿನಿಂದ:
ಹೊತ್ತುಸಾರುಗ ಅಂದರೆ ಡಂಗುರ ಹೊಡೆಯುವವನು ಅಂದುಕೊಳ್ತಾರೆ ಸ್ವಾಮಿ. ಬೇಡ.

ಸಕಲೇಶಪುರದಿಂದ:
ನಮ್ಮ ಚಿಕ್ಕಪ್ಪನವರಿಗೆ ಕಣ್ಣು ಕಾಣದು. ಅವರ ಕೈಗಡಿಯಾರವನ್ನು ಮನೆಯಲ್ಲಿ ಎಲ್ಲರೂ 'ಟೈಮ್ ಹೇಳೋ ವಾಚು' ಅಂತಲೇ ಕರೆಯೋದು. 'ಮಾತಾಡುವ' ಯಾಕೆ ಒಗ್ಗುತ್ತಿಲ್ಲ ಅಂದರೆ, ಮಾತಾಡೋಕೆ ಇಬ್ಬರು ಬೇಕು, ಹೇಳೋಕೆ ಒಬ್ಬರು ಸಾಕು. ಮಾಮೂಲಿ ಗಡಿಯಾರ ಹೊತ್ತು ತೋರಿಸುತ್ತೆ, ಗೋಡೆ ಗಡಿಯಾರ ಗಂಟೆ ಹೊಡೆಯುತ್ತೆ, ಇದು ಹೇಳುತ್ತೆ. ಜನ ಆಗಲೇ ಸರಿಯಾದ ಕ್ರಿಯಾಪದ ಆರಿಸಿಕೊಂಡಿದ್ದಾರೆ. ನಾವು ಕೂತು ಹೊಸದು ಕಟ್ಟಬೇಕಿಲ್ಲ.

ಅರಸೀಕೆರೆಯಿಂದ:
ಟೈಮು, ವಾಚು! ಹಾಗಾದರೆ ಕನ್ನಡ ಫಲಕ ಯಾಕೆ? ಗಳಿಗೆಬಟ್ಟಲು ನೀರಿಗಿಟ್ಟು ದಿನಕ್ಕೆ 60 ಗಳಿಗೆ ಎಣಿಸಿದ ನಾಡು ಇದು.

ಸಕಲೇಶಪುರದಿಂದ:
ಆ ಗಳಿಗೆಯೂ ಸಂಸ್ಕೃತದ ಘಟಿಕೆಯೇ. ನೀವು ಕೂತಿರುವ ಕುರ್ಚಿ ಅರಬ್ಬಿ, ಉಳುವ ಜಮೀನು ಪಾರ್ಸಿ. ವಾಚಿಗೆ ಮಾತ್ರ ಯಾಕೆ ಮೈಲಿಗೆ?

ಅರಸೀಕೆರೆಯಿಂದ:
ಅವು ಬಂದಾಗ ತಡೆಯುವವರಿರಲಿಲ್ಲ. ಈಗ ನಾವಿದ್ದೇವೆ.

ಚಿಕ್ಕಮಗಳೂರಿನಿಂದ:
ಎರವಲಿನ ಜಗಳ ಇನ್ನೊಂದು ದಿನ ಆಡಿ, ಕೇಳಿದವರಿಗೆ ನಾಳೆ ಸಂಜೆಯ ಗಡುವಿದೆ. ಅರಿಸಮಾಸದ ತಕರಾರು ಗಮಕ ಸಮಾಸಕ್ಕಿಲ್ಲ ('ಹೇಳುವ' ಥರದ ಪದ ಮೊದಲು ಬರುವ ಸಮಾಸ), ಹಾಗಾಗಿ 'ಹೇಳುವ' ಮುಂದೆ ಯಾವ ಪದ ಬಂದರೂ ದೋಷವಿಲ್ಲ. ಸ್ಪೀಚ್ ಪ್ಲಸ್ ಬರೀ ಉತ್ತರ ಹೇಳುವುದಲ್ಲ, ಒತ್ತಿದ ಅಂಕಿಯನ್ನೂ ಹೇಳುತ್ತೆ. ಬೆರಳು ತಪ್ಪಿದ್ದು ಅಲ್ಲೇ ಗೊತ್ತಾಗಲಿ ಅಂತ. ಆದ್ದರಿಂದ 'ಲೆಕ್ಕ ಹೇಳುವ' ಅನ್ನುವುದು ಸರಿಯಾಗಿಯೇ ಕೂರುತ್ತೆ. ಇನ್ನೊಂದು ಮಾತು: ಫಲಕದ ಕೆಳಗೆ ಬ್ರೈಲ್ ಪಟ್ಟಿ ಅಂಟಿಸಿ. ಇವು ಯಾರಿಗಾಗಿ ಹುಟ್ಟಿದವೋ ಅವರೂ ಬರುತ್ತಾರಲ್ಲ?

ಹಾಸನದಿಂದ:
ಬ್ರೈಲ್ ಖಂಡಿತ ಮಾಡಿಸುತ್ತೇವೆ ಸಾರ್. 'ಹೊತ್ತು ಹೇಳುವ ಗಡಿಯಾರ, ಲೆಕ್ಕ ಹೇಳುವ ಕ್ಯಾಲ್ಕುಲೇಟರ್' ಅಂತ ಬರೆಸುತ್ತಿದ್ದೇನೆ.

ಅರಸೀಕೆರೆಯಿಂದ:
ಮೊದಲನೆಯದು ಒಪ್ಪಿದೆ. ಎರಡನೆಯದರಲ್ಲಿ 'ಎಣಿಕ' ಹಾಕಿ. ಫಲಕದಲ್ಲೇ ಕಾಣದ ಪದ ಜನರ ಬಾಯಿಗೆ ಎಲ್ಲಿಂದ ಬರಬೇಕು?