ಗಂಡ ಪರೀಕ್ಷೆ ಕಟ್ಟಲ್ಲ ಅಂತಾರೆ, ಅನುಭವ ಇದ್ದವರು ಹೇಳಿ

ಹಾಸನದವಳು:
ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕ್ಲರ್ಕ್, ವಯಸ್ಸು 39. ಜೆಎಐಐಬಿ (ಬ್ಯಾಂಕಿನವರು ಕಟ್ಟುವ ಪರೀಕ್ಷೆ, ಪ್ರಮೋಷನ್‌ಗೆ ಅನುಕೂಲ) ಕಟ್ಟಿ ಅಂತ ಮೂರು ವರ್ಷದಿಂದ ಹೇಳುತ್ತಿದ್ದೇನೆ. ಪುಸ್ತಕ ತಂದರು, ಬೈಂಡ್ ಹಾಕಿಸಿದರು, ಅಲ್ಲಿಗೆ ಮುಗಿಯಿತು. ಸಂಜೆ ಮೊಬೈಲ್, ಭಾನುವಾರ ಕೇರಂ. ಇವರ ಜೊತೆಗೇ ಸೇರಿದ ನನ್ನ ತಂಗಿ ಗಂಡ ಈಗ ಮ್ಯಾನೇಜರ್. ಮುಂದೆ ಬರಬೇಕು ಅನ್ನುವ ಹಟ ಕೆಲವರಿಗೆ ಇರುತ್ತೆ, ಕೆಲವರಿಗೆ ಯಾಕೆ ಇರಲ್ಲ? ಏನು ಮಾಡಿದರೆ ಓದುತ್ತಾರೆ?

ಸಂಘಮಿತ್ರ ಪ್ಯಾಸೆಂಜರ್:
ಮೇಡಂ, ನನ್ನ ಕಥೆ ಕೇಳಿ. ಅಕೌಂಟಿಂಗ್ ಪೇಪರ್ ಮೊದಲ ಸಲ 48, ಎರಡನೇ ಸಲ 47, ಮೂರನೇ ಸಲ 49. ಒಂದೇ ಒಂದು ಮಾರ್ಕು! ನಾಲ್ಕನೇ ಸಲ 61. ಮಗು ಏಳಬಾರದು ಅಂತ ಬೆಳಗ್ಗೆ ನಾಲ್ಕೂವರೆಗೆ ಎದ್ದು ಅಡುಗೆಮನೆ ಕಟ್ಟೆ ಮೇಲೆ ಕೂತು ಓದಿದವನು ನಾನು. ಆಫೀಸರ್ ಆದೆ, ಪೋಸ್ಟಿಂಗ್ ಬಿಹಾರದ ಆರಾ ಪಕ್ಕ. ಬೆಂಗಳೂರಿನಿಂದ ರೈಲಿನಲ್ಲಿ ಎರಡು ರಾತ್ರಿ, ದಾನಾಪುರದಲ್ಲಿ ಇಳಿದು ಮತ್ತೆ ಬಸ್ಸು. ಅಲ್ಲಿ ಬಾಡಿಗೆ 6,500, ಇಲ್ಲಿ ಬಾಡಿಗೆ 9,000, ಸಾರಿನ ಪುಡಿಯಿಂದ ಹಿಡಿದು ಉಪ್ಪಿನಕಾಯಿವರೆಗೆ ಎಲ್ಲ ಇಲ್ಲಿಂದಲೇ ಹೊರಬೇಕು. ಇನ್ವರ್ಟರ್ 18,000 ಕೊಟ್ಟು ತಂದೆ, ಬರುವಾಗ 5,000ಕ್ಕೆ ಹೋಯಿತು. ಸಂಬಳ ಏರಿದ್ದು ಆ ಎರಡು ವರ್ಷ ಕೈಗೇ ಹತ್ತಲಿಲ್ಲ. ಆದರೂ ಬೇಜಾರಿಲ್ಲ. ಕಟ್ಟದೆ ಕೂತವರು ಸೋಮಾರಿಗಳು, ಬೇರೆ ಕಾರಣ ಎಲ್ಲ ಸುಮ್ನೆ.

ಮೂರನೇ ಕೌಂಟರ್:
ಸೋಮಾರಿಗಳು ಅಂದಿರಲ್ಲ ಸರ್, ಆ ಎರಡು ವರ್ಷ ಮಗುವಿಗೆ ಜ್ವರ ಬಂದರೆ ಯಾರು ಓಡಿದರು? ನಾನು ಮೊದಲ ಸಲಕ್ಕೇ ಪಾಸು. ನಿಮ್ಮ ಕಾಲದ ಮೂರು ಪೇಪರ್ ಅಲ್ಲ, 2023ರಿಂದ ನಾಲ್ಕು, ನಾಲ್ಕೂ ಒಟ್ಟಿಗೆ. ಪ್ರಮೋಷನ್ ಲಿಸ್ಟಿನಲ್ಲಿ ಹೆಸರೂ ಬಂತು. ಅದೇ ವಾರ ಅತ್ತೆಗೆ ಲಕ್ವ ಹೊಡೆಯಿತು. ಫಿಸಿಯೋಥೆರಪಿಗೆ ಒಂದು ಸಲಕ್ಕೆ 500, ವಾರಕ್ಕೆ ಐದು ದಿನ, ಹನ್ನೊಂದು ತಿಂಗಳು. ಗಾಳಿ ಹಾಸಿಗೆ 3,200, ಮೊದಲನೆಯದು ತೂತು ಬಿದ್ದು ಎರಡನೆಯದು ತಂದೆವು. ಪ್ರಮೋಷನ್ ಬೇಡ ಅಂತ ಬರೆದುಕೊಟ್ಟೆ. ನಮ್ಮ ಯಜಮಾನರಿಗೂ ಆ ವರ್ಷವೇ ಪ್ರಮೋಷನ್ ಬಂತು. ಬಿಡುತ್ತೀರಾ ಅಂತ ಅವರನ್ನು ಯಾರೂ ಕೇಳಲಿಲ್ಲ. ನಾನು ಕ್ಯಾಶ್ ಎಣಿಸುವುದು ಕಲಿಸಿದ ಹುಡುಗ ಇವತ್ತು ನನ್ನ ರಜೆ ಅರ್ಜಿಗೆ ಸೈನ್ ಹಾಕುತ್ತಾನೆ.

ಸಂಘಮಿತ್ರ ಪ್ಯಾಸೆಂಜರ್:
ನಿಮಗೆ ಹೇಳಿದ್ದಲ್ಲ. ಆದರೆ ನಾಲ್ಕು ಪೇಪರ್ ಆದ ಮೇಲೆ ಸುಲಭ ಆಗಿದೆ, ಎಲ್ಲರಿಗೂ ಗೊತ್ತು.

ಮೂರನೇ ಕೌಂಟರ್:
49 ತೆಗೆದವರು ಹೇಳಬಾರದು.

ಕೆಂಡ ತುಳಿದವನು:
ಜಗಳ ಸಾಕು. ನನಗೆ ಹಟ ಜಾಸ್ತಿಯೇ ಇತ್ತು, ಅದಕ್ಕೇ ಕೆಟ್ಟೆ. ಬೆಂಗಳೂರಿನಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ, ಎರಡು ದಿನಕ್ಕೆ 20,000, ಜಿಎಸ್‌ಟಿ ಸೇರಿ 23,600. ಕೊನೆಗೆ ಕಣ್ಣಲ್ಲಿ ನೀರು ಬರಿಸಿ ಎರಡನೇ ಹಂತಕ್ಕೆ ಸೇರಿಸಿಕೊಂಡರು, 53,100. ಚೀಟಿ ಎತ್ತಿ ಕಟ್ಟಿದೆ, ಅದೂ ತಂಗಿ ಮದುವೆಗೆ ಅಂತ ಹಾಕಿದ್ದ ಚೀಟಿ. ಅಲ್ಲಿ ಕೆಂಡದ ಮೇಲೆ ನಡೆಸಿ 'ನಿಮ್ಮೊಳಗಿನ ಶಕ್ತಿ ನೋಡಿ' ಅಂದರು. ಅಲ್ರೀ, ನಮ್ಮಜ್ಜಿ ವರ್ಷಾ ವರ್ಷಾ ಊರ ಹಬ್ಬದಲ್ಲಿ ಕೊಂಡ ಹಾಯುತ್ತಿದ್ದಳು, ಬಿಟ್ಟಿಯಾಗಿ! ಇದ್ದಿಲ ಬಿಸಿ ಕಾಲಿಗೆ ಹತ್ತುವುದು ನಿಧಾನ, ಸರಸರ ನಡೆದರೆ ಸುಡುವುದಿಲ್ಲ, ಅಷ್ಟೇ ವಿಷಯ. ಆರು ವಾರ ಡೈರಿ ಬರೆದೆ. ಆಮೇಲೆ ಅದರಲ್ಲಿ ಹಾಲಿನ ಲೆಕ್ಕ.

ನಿವೃತ್ತ ಮೇಷ್ಟ್ರು:
ತಾಯಿ, ಒತ್ತಾಯ ಮಾಡಬೇಡಿ, ಆಸೆಯನ್ನೂ ತೋರಿಸಬೇಡಿ. 1971ರಲ್ಲಿ ಡೆಸಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಒಗಟು ಕೊಟ್ಟ. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟ, ಆಮೇಲೆ ನಿಲ್ಲಿಸಿದ. ದುಡ್ಡು ಕಂಡವರು ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದೇ ಕಮ್ಮಿಯಾಯಿತು. ಇದನ್ನು ಬಿ.ಎಡ್.ನಲ್ಲಿ ಓದಿದ್ದ ನಾನೇ ಮಗನಿಗೆ ಪಿಯುಸಿಯಲ್ಲಿ 90 ಬಂದರೆ ಬೈಕ್ ಅಂದೆ. 91 ತಂದ. ಬೈಕಿಗೆ 82,000. ಆಮೇಲೆ ಡಿಗ್ರಿ ಮುಗಿಸಲು ಐದು ವರ್ಷ ತೆಗೆದುಕೊಂಡ, ಬೈಕ್ ಮಾತ್ರ ದಿನಾ ತೊಳೆಯುತ್ತಿದ್ದ.

ಹರಕೆ ಹೊತ್ತವಳು:
ಕೆಂಡದವರೇ, ಕೊಂಡದ ಸುದ್ದಿಗೆ ಬರಬೇಡಿ. ಅದು ಹರಕೆ. ನಿಮ್ಮ ಶಿಬಿರಕ್ಕೂ ಅದಕ್ಕೂ ಏನು ಸಂಬಂಧ?

ಕೆಂಡ ತುಳಿದವನು:
ಅಕ್ಕ, ನಾನು ಅಜ್ಜಿಯನ್ನು ಹೊಗಳಿದ್ದು.

ಹರಕೆ ಹೊತ್ತವಳು:
ಇದ್ದಿಲು ಅಂದಿರಿ. ಮೂರು ದಿನ ಉಪವಾಸ ಇದ್ದು ಹಾಯಿದು ನೋಡಿ, ಆಮೇಲೆ ಇದ್ದಿಲ ಲೆಕ್ಕ ಹೇಳಿ.

ಹಾಸನದವಳು:
ಇವರಿಗೆ ಎಲ್ಲ ಓದಿ ಹೇಳಿದೆ. ಟ್ರಾನ್ಸ್‌ಫರ್ ವಿಷಯ ನನಗೆ ಹೊಳೆದೇ ಇರಲಿಲ್ಲ, ನಿಜ ಹೇಳುತ್ತೇನೆ. ಪೂರ್ತಿ ಕೇಳಿಸಿಕೊಂಡು 'ಆರಾದಲ್ಲಿ ಅಷ್ಟು ಕರೆಂಟ್ ಹೋಗುತ್ತಾ?' ಅಂದರು. ಆಮೇಲೆ ಕೇರಂ ಬೋರ್ಡಿಗೆ ಪೌಡರ್ ಹುಡುಕಲು ಹೋದರು.

ಸಂಘಮಿತ್ರ ಪ್ಯಾಸೆಂಜರ್:
ಆಗ ಹೋಗುತ್ತಿತ್ತು. ತಗೊಂಡರೆ ಚಿಕ್ಕ ಬ್ಯಾಟರಿಯದ್ದು ತಗೊಳ್ಳಲಿ, ನನ್ನ ಥರ 18,000 ಸುರಿಯಬೇಡಿ.