ಒಂದೇ ಸೆಮಿಸ್ಟರಿನ ಸಂಖ್ಯಾಶಾಸ್ತ್ರ: ಏನು ಉಳಿಯಬೇಕು, ಏನು ಹೋಗಬೇಕು?

ಮಾನಸ: ಸಮಾಜಶಾಸ್ತ್ರ, ಜೀವಶಾಸ್ತ್ರ, ವಾಣಿಜ್ಯ ಓದುವವರಿಗೆ ಸಂಖ್ಯಾಶಾಸ್ತ್ರದ ಪರಿಚಯ ಕೋರ್ಸಿನ ಸಿಲಬಸ್ ಹೊಸದಾಗಿ ಬರೆಯುತ್ತಿದ್ದೇವೆ. ಸಮಿತಿಯಲ್ಲಿ ಎಲ್ಲರೂ ಸೇರಿಸುವ ಮಾತನ್ನೇ ಆಡುತ್ತಾರೆ, ತೆಗೆಯುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ಪ್ರಸ್ತಾಪ ಇದು: ವರ್ಗಾಂತರದ (ಅಂಕಿಗಳನ್ನು 0–10, 10–20 ಎಂದು ಗುಂಪು ಮಾಡಿದ) ಕೋಷ್ಟಕ ಹಾಕಿ ಕೈಯಲ್ಲೇ ಸ್ಟ್ಯಾಂಡರ್ಡ್ ಡೀವಿಯೇಷನ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ಲೆಕ್ಕ ಮಾಡುವುದು, ಸ್ಕ್ಯೂನೆಸ್‌ನ (ಹರಡಿಕೆ ಒಂದು ಬದಿಗೆ ವಾಲಿರುವುದರ) ಸೂತ್ರಗಳು, ಸೂಚ್ಯಂಕದ ಹಲವು ಬಗೆಗಳು ಹೋಗಲಿ. ಸ್ಯಾಂಪಲ್ ಹೇಗೆ ಆರಿಸುತ್ತಾರೆ, ಗ್ರಾಫ್ ಹೇಗೆ ಓದಬೇಕು, ಕಾರಣಕ್ಕೂ ಬರೀ ಸಂಬಂಧಕ್ಕೂ ಏನು ವ್ಯತ್ಯಾಸ ಎಂಬುದಕ್ಕೆ ಆ ಜಾಗ ಸಿಗಲಿ.

ಹಳೇ ಮೇಷ್ಟ್ರು: ಮಾನಸ ಅವರೇ, ಕೈಲೆಕ್ಕ ತೆಗೆಯುವುದನ್ನು ನಾನು ಒಪ್ಪಲಾರೆ. ಸರಾಸರಿಯಿಂದ ಪ್ರತಿ ಸಂಖ್ಯೆ ಎಷ್ಟು ದೂರ ಇದೆ ಎಂದು ಕಳೆದು, ವರ್ಗ ಮಾಡಿ, ಕೂಡಿಸಿದವನಿಗೆ ಮಾತ್ರ ದೂರದ ಒಂದೇ ಒಂದು ಸಂಖ್ಯೆ ಇಡೀ ಉತ್ತರವನ್ನು ಹೇಗೆ ಎಳೆದಾಡುತ್ತದೆ ಅನ್ನುವುದು ಅರಿವಿಗೆ ಬರುತ್ತದೆ. ಬಟನ್ ಒತ್ತಿದವನಿಗೆ ಬರುವುದು ಉತ್ತರ ಮಾತ್ರ.

ಶಶಿಧರ: ಸರ್, ಅದಕ್ಕೆ ಐದು ಸಂಖ್ಯೆ ಸಾಕಲ್ಲವೇ? ಒಮ್ಮೆ ಮಾಡಲಿ, ಅರ್ಥವಾಗಲಿ. ಎಂಟು ವರ್ಗಾಂತರದ ಕೋಷ್ಟಕವನ್ನು ಪರೀಕ್ಷೆಯಲ್ಲಿ ಅರ್ಧ ಗಂಟೆ ಕೂತು ತುಂಬಿಸಿದರೆ ಹೊಸದಾಗಿ ಏನೂ ತಿಳಿಯುವುದಿಲ್ಲ. ಆ ಸಮಯವನ್ನು ಸಂಖ್ಯಾಶಾಸ್ತ್ರಜ್ಞ ಆನ್‌ಸ್ಕೋಂಬ್ 1973ರಲ್ಲಿ ಕೊಟ್ಟ ನಾಲ್ಕು ದತ್ತಾಂಶಗಳಿಗೆ ಕೊಡಿ. ಒಂದೊಂದರಲ್ಲೂ 11 ಬಿಂದುಗಳು. ಸರಾಸರಿ, ಹರಡಿಕೆ, ಸಹಸಂಬಂಧ, ಹೊಂದುವ ಸರಳರೇಖೆ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ. ಗ್ರಾಫ್ ಹಾಕಿದರೆ ಒಂದರಲ್ಲಿ ಬಿಂದುಗಳು ರೇಖೆಯ ಸುತ್ತ ಸಹಜವಾಗಿ ಚದುರಿವೆ, ಇನ್ನೊಂದು ಕಮಾನು. ಮೂರನೆಯದರಲ್ಲಿ ಸರಳರೇಖೆಯನ್ನು ಒಂದೇ ಬಿಂದು ಕೆಡಿಸಿದೆ. ನಾಲ್ಕನೆಯದರಲ್ಲಿ ಒಂದು ಬಿಂದು ಬಿಟ್ಟರೆ ಉಳಿದವೆಲ್ಲ ಒಂದೇ ಲಂಬ ಸಾಲಿನಲ್ಲಿ ನಿಂತಿವೆ. ನೀವು ಹೇಳಿದ ಎಳೆದಾಟ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಜೀವಶಾಸ್ತ್ರದ ಹುಡುಗಿ: ನಾನು ಈ ಕೋರ್ಸ್ ಓದಿ ಮುಗಿಸಿದವಳು. ಎರಡು ಗುಂಪುಗಳ ಸರಾಸರಿ ಹೋಲಿಸುವ ಟಿ-ಟೆಸ್ಟ್ ಮಾಡುವ ಹಂತಗಳು ಈಗಲೂ ಬಾಯಿಗೆ ಬರುತ್ತವೆ. ಆದರೆ ಪ್ರಾಜೆಕ್ಟಿನಲ್ಲಿ ಪಿ-ಮೌಲ್ಯ 0.03 ಬಂದಾಗ ಅದು ಏನನ್ನು ಹೇಳುತ್ತಿದೆ ಎಂದು ಗೈಡ್ ಕೇಳಿದರು. ನಮ್ಮ ಗುಂಪಿನ ಒಬ್ಬರಿಗೂ ಹೇಳಲಾಗಲಿಲ್ಲ. ಅದಕ್ಕೆ ಒಂದು ವಾರ ಇಡಿ, ದಯವಿಟ್ಟು.

ಶಶಿಧರ: ಇಡಲೇಬೇಕು. ನಿಜಕ್ಕೂ ವ್ಯತ್ಯಾಸವೇ ಇಲ್ಲ ಎಂದುಕೊಂಡರೆ, ನಮಗೆ ಬಂದಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವನೀಯತೆಯೇ ಪಿ-ಮೌಲ್ಯ. ಪಿ-ಮೌಲ್ಯ ಎಂದರೆ ಪ್ರತಿಪಾದನೆ ನಿಜವಾಗಿರುವ ಸಂಭವನೀಯತೆ ಅಲ್ಲ ಎಂದು ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಹೇಳಿಕೆ ಕೊಟ್ಟೇ ಸ್ಪಷ್ಟಪಡಿಸಬೇಕಾಯಿತು. ಸಂಶೋಧಕರೇ ಎಡವುವ ಜಾಗವನ್ನು ಒಂದು ಗಂಟೆಯಲ್ಲಿ ದಾಟಿಸುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ.

ಇಮ್ರಾನ್: ಮೇಡಂ, ಉದಾಹರಣೆಗಳನ್ನೂ ಸಿಲಬಸ್ಸಿನಲ್ಲೇ ಬರೆದುಬಿಡಿ. ಬರೀ ‘ಸ್ಯಾಂಪ್ಲಿಂಗ್ ವಿಧಾನಗಳು’ ಎಂದಿದ್ದರೆ ಪಾಠ ವ್ಯಾಖ್ಯೆಗಳ ಪಟ್ಟಿಯಾಗಿ ಮುಗಿಯುತ್ತದೆ. 1936ರ ಅಮೆರಿಕದ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಚೀಟಿ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು, ಗೆದ್ದದ್ದು ರೂಸ್ವೆಲ್ಟ್, ಅದೂ ಭಾರೀ ಅಂತರದಲ್ಲಿ. ವಿಳಾಸಗಳು ಬಂದದ್ದು ಬಹುಪಾಲು ಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ, ಉತ್ತರಿಸಿದವರು ಅವರಲ್ಲೂ ಒಂದು ಭಾಗ. ಸ್ಯಾಂಪಲ್ ದೊಡ್ಡದಾದಷ್ಟೂ ಸರಿ ಎಂಬ ನಂಬಿಕೆ ಇಷ್ಟು ಕೇಳಿದರೆ ಬಿದ್ದುಹೋಗುತ್ತದೆ.

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶದ ಅಂಕಿಗಳೂ ಇರಲಿ. ಒಟ್ಟಾರೆ ನೋಡಿದರೆ ಅರ್ಜಿ ಹಾಕಿದ ಗಂಡಸರಲ್ಲಿ ಶೇ. 44, ಹೆಂಗಸರಲ್ಲಿ ಶೇ. 35 ಜನರಿಗೆ ಸೀಟು. ವಿಭಾಗವಾರು ಬಿಡಿಸಿದಾಗ ಆ ಅಂತರ ಬಹುತೇಕ ಮಾಯ. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಹೆಂಗಸರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಹಳೇ ಮೇಷ್ಟ್ರು: ಉದಾಹರಣೆ ಚೆನ್ನಾಗಿವೆ, ಇಮ್ರಾನ್. ಆದರೆ ಸಿಲಬಸ್ಸಿನಲ್ಲಿ ಬರೆದ ಕೂಡಲೇ ಅವೇ ಪ್ರಶ್ನೆಪತ್ರಿಕೆಗೆ ಬರುತ್ತವೆ, ಮಕ್ಕಳು 44 ಮತ್ತು 35ನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಬದಲಾಗದಿದ್ದರೆ ಸಿಲಬಸ್ ಬದಲಿಸಿ ಏನು ಪ್ರಯೋಜನ? ಇನ್ನೊಂದು ಮಾತು. ಸಂಭವನೀಯತೆಯನ್ನು ಯಾರೂ ಮುಟ್ಟಬೇಡಿ. ಅದಿಲ್ಲದೆ ಪಿ-ಮೌಲ್ಯ ಅರ್ಥವಾಗುವುದಿಲ್ಲ.

ಮಾನಸ: ಸಂಭವನೀಯತೆ ಇರುತ್ತದೆ ಸರ್. ಆದರೆ ಚೀಲದಿಂದ ಕೆಂಪು ಚೆಂಡು ತೆಗೆಯುವ ಇಪ್ಪತ್ತು ಬಗೆಯ ಲೆಕ್ಕ ಬೇಡ. ಷರತ್ತಿನ ಸಂಭವನೀಯತೆ ಗಟ್ಟಿಯಾಗಿರಲಿ: ರೋಗವಿದ್ದವರಲ್ಲಿ ಪರೀಕ್ಷೆ ಪಾಸಿಟಿವ್ ಬರುವ ಸಾಧ್ಯತೆಯೇ ಬೇರೆ, ಪಾಸಿಟಿವ್ ಬಂದವರಲ್ಲಿ ರೋಗವಿರುವ ಸಾಧ್ಯತೆಯೇ ಬೇರೆ. ಇದು ತಿಳಿದವರಿಗೆ ಪಿ-ಮೌಲ್ಯದ ಗೊಂದಲವೂ ಅರ್ಧ ಕಳೆಯುತ್ತದೆ.

ಪರೀಕ್ಷೆಯ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಹಾಗಾಗಿ ಸಿಲಬಸ್ ಜೊತೆಗೇ ಒಂದು ಮಾದರಿ ಪ್ರಶ್ನೆಪತ್ರಿಕೆಯನ್ನೂ ಸಮಿತಿಯ ಮುಂದಿಡುತ್ತೇನೆ. ಮಕ್ಕಳು ಹಿಂದೆ ನೋಡಿರದ ಕೋಷ್ಟಕ ಕೊಟ್ಟು, ‘ಈ ತೀರ್ಮಾನ ಇದರಿಂದ ಹೊರಡುತ್ತದೆಯೇ, ಇಲ್ಲವಾದರೆ ಇನ್ನೇನು ತಿಳಿಯಬೇಕು?’ ಎಂದು ಕೇಳುವ ಪ್ರಶ್ನೆಗಳು.

ಜೀವಶಾಸ್ತ್ರದ ಹುಡುಗಿ: ಅಂಥ ಉತ್ತರಗಳನ್ನು ತಿದ್ದುವವರು ಯಾರು, ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ ಸಮಿತಿಯಲ್ಲಿ ಕೇಳಿ ಮೇಡಂ.

ಹಳೇ ಮೇಷ್ಟ್ರು: ಅದನ್ನು ನನಗೆ ಬಿಡಿ. ತಿದ್ದುವವರಿಗೆ ಅಂಕ ಕೊಡುವ ಮಾರ್ಗಸೂಚಿ ನಾನು ಬರೆದುಕೊಡುತ್ತೇನೆ. ಐದು ಸಂಖ್ಯೆಯ ಕೈಲೆಕ್ಕ ಮಾತ್ರ ಮೊದಲ ವಾರದಲ್ಲೇ ಇರಲಿ.