ಹೊರಗಿನ ತೊಟ್ಟಿಯಲ್ಲಿ ಸೀಬಾಸ್ ಮೀನಿನ ಮರಿ ಉಳಿಸೋದು ಹೇಗೆ?

ಪ್ರಶ್ನೆ, ಕುಂದಾಪುರ ಕಡೆಯಿಂದ:
ಮನೆ ಹಿಂದೆ 5 ಟನ್‌ನ (ತಲಾ 5,000 ಲೀಟರ್) ಎರಡು ಸಿಮೆಂಟ್ ತೊಟ್ಟಿ ಇವೆ. ಮೇಲೆ ಶೇಡ್‌ನೆಟ್ ಅಷ್ಟೆ. ಸೀಬಾಸ್ ಮೊಟ್ಟೆ ಚೆನ್ನಾಗಿಯೇ ಒಡೆದವು. ಐದನೇ ದಿನ ಬೆಳಿಗ್ಗೆ ಒಂದು ತೊಟ್ಟಿಯ ತಳವೆಲ್ಲ ಸತ್ತ ಮರಿಗಳಿಂದ ಬಿಳಿ ಬಿಳಿ. ಮರಿಗಳ ತಿನಿಸು ಅಂತ ರೋಟಿಫರ್ (ನೀರಿನ ಅತಿ ಸಣ್ಣ ಜೀವಿ) ಹಾಕಿದ್ದೆ, ಪಾಚಿಯಿಂದ ನೀರೂ ಹಸಿರಾಗಿಯೇ ಇತ್ತು. ಇನ್ನೊಂದು ತೊಟ್ಟಿಯ ಮರಿಗಳಿಗೆ ಇವತ್ತು ಮೂರು ದಿನ. ಅನುಭವ ಇದ್ದವರು ಹೇಳಿ.

ಅಂಕೋಲಾದಿಂದ:
ಹಾಕಿದ್ದೆ ಅಂದರೆ ಎಷ್ಟು ಮಾರಾಯ್ರೆ? ನಾನೂ ಮೊದಲ ಸಲ ಬಕೆಟ್ ಲೆಕ್ಕದಲ್ಲಿ ಸುಮ್ನೆ ಸುರಿದು ಕೈ ಸುಟ್ಟುಕೊಂಡವನೇ. ಒಡೆದಾಗ ಮರಿ ಒಂದೂವರೆ ಮಿಲಿಮೀಟರ್ ಇರುತ್ತದೆ. ಮೊದಲೆರಡು ದಿನ ಹೊಟ್ಟೆಯ ಚೀಲದಲ್ಲಿರುವುದೇ ಊಟ. ಮೂರನೇ ದಿನದ ಹೊತ್ತಿಗೆ ಬಾಯಿ ತೆರೆಯುತ್ತದೆ, ಆದರೆ ಬೆನ್ನಟ್ಟಿ ಹಿಡಿಯುವ ಶಕ್ತಿ ಇಲ್ಲ. ಮುಖದ ಮುಂದೆಯೇ ತಿನಿಸು ತೇಲುತ್ತಿರಬೇಕು. ಮಿಲಿಲೀಟರಿಗೆ 10 ರೋಟಿಫರ್ ಅಂತ ಇಟ್ಟುಕೊಂಡರೂ ನಿಮ್ಮ ತೊಟ್ಟಿಗೆ 5 ಕೋಟಿ ಬೇಕು! ಮೊದಲ ದಿನಗಳಲ್ಲಿ ಸೋಸಿ ಸಣ್ಣವನ್ನೇ ಕೊಡಿ. ಆವತ್ತು ಹಸಿದ ಮರಿ ಆವತ್ತೇ ಸಾಯುವುದಿಲ್ಲ, ಎರಡು ದಿನ ಬಿಟ್ಟು ಸಾಯುತ್ತದೆ. ಅದಕ್ಕೇ ಕಾರಣ ಗೊತ್ತಾಗೋದಿಲ್ಲ.

ಬೈಂದೂರಿನಿಂದ:
ಅವರು ಹೇಳಿದ್ದು ಸರಿ. ಆದರೆ ಹೊರಗಿನ ತೊಟ್ಟಿ ಅಂದಮೇಲೆ ಬಿಸಿಲನ್ನೂ ನೋಡಿ. ಹಸಿರು ಜಾಸ್ತಿ ದಪ್ಪವಾದರೆ ಮಧ್ಯಾಹ್ನ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಆಗ ಸ್ವಲ್ಪ ಅಮೋನಿಯಾ ಇದ್ದರೂ ವಿಷ. ರಾತ್ರಿ ಅದೇ ಪಾಚಿ ಆಕ್ಸಿಜನ್ ತಿನ್ನುತ್ತದೆ. ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಇವೆರಡನ್ನೂ ಅಳೆಯಿರಿ. ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟಿದ್ದರೆ ತೆಗೆಯಿರಿ. ಮರಿ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿದರೇನೇ ಒಳಗಿನ ಗಾಳಿಚೀಲ ತುಂಬುವುದು. ಮಳೆ ಬಂದರೆ ಟಾರ್ಪಾಲು ಎಳೆಯಿರಿ, ಸಿಹಿನೀರು ಮೇಲೆಯೇ ನಿಂತುಬಿಡುತ್ತದೆ.

ಕೇಳಿದವರು:
ನನ್ನ ಹತ್ತಿರ ಮೈಕ್ರೋಸ್ಕೋಪ್ ಇಲ್ಲ. ಎಣಿಸೋದು ಹೇಗೆ ಅಣ್ಣ?

ಅಂಕೋಲಾದಿಂದ:
ಗಾಜಿನ ಪಿಪೆಟ್‌ನಲ್ಲಿ ಒಂದು ಮಿಲಿ ಎಳೆದು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕಿಗಳು ಓಡಾಡುತ್ತವೆ. ಭೂತಗನ್ನಡಿ ಇದ್ದರೆ ಸಾಕು. ನಾಲ್ಕು ಜಾಗದಿಂದ ತೆಗೆಯಿರಿ, ರೋಟಿಫರ್ ಒಂದೇ ಕಡೆ ಗುಂಪು ಕಟ್ಟುತ್ತವೆ.

ಕಾರವಾರದಿಂದ:
ಇದನ್ನು ದಾಟಿದರೆ ಮುಂದಿನದು ಬೇರೆ ಕಥೆ. ಒಂಬತ್ತು ಹತ್ತನೇ ದಿನಕ್ಕೆ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಕೊಡಲು ಶುರು ಮಾಡಿ. ಎರಡು ವಾರ ಕಳೆದ ಮೇಲೆ ಅಣ್ಣ ತಮ್ಮನನ್ನೇ ನುಂಗುತ್ತಾನೆ, ತಮಾಷೆಯಲ್ಲ. ಮೂರ್ನಾಲ್ಕು ದಿನಕ್ಕೊಮ್ಮೆ ದೊಡ್ಡವನ್ನು ಬೇರೆ ಮಾಡಿ. ನಾನು ಒಂದು ವಾರ ಸೋಮಾರಿತನ ಮಾಡಿ ಅರ್ಧ ಮರಿ ಕಳೆದುಕೊಂಡೆ.

ಕೇಳಿದವರು:
ಈಗಷ್ಟೇ ಎರಡನೇ ತೊಟ್ಟಿಯಲ್ಲಿ ಎಣಿಸಿ ಬಂದೆ. ಮಿಲಿಗೆ ಮೂರೇ ಮೂರು. ಇರುವ ರೋಟಿಫರ್ ಎಲ್ಲ ಸೋಸಿ ಹಾಕುತ್ತಿದ್ದೇನೆ.